ಬಸವಣ್ಣನವರು ಬೇಡಿದ್ದೇನು?

ಹೈದರಾಬಾದ್ ಹತ್ತಿರದ ಚಿಲ್ಕೂರು ಬಾಲಾಜಿ ದೇವಸ್ಥಾನ ನಮ್ಮ ಐಟಿ ಮಂದಿಗೆ ಚೆನ್ನಾಗಿ ಗೊತ್ತು. ‘ವೀಸಾ ಬಾಲಾಜಿ’ ಅಂತಲೇ ಹೆಸರು. ಕೋರಿಕೆ ಇಟ್ಟುಕೊಂಡು ಹೋದವರು 11 ಸುತ್ತು ಹಾಕಬೇಕು, ಈಡೇರಿದ ಮೇಲೆ ಬಂದು 108. ನನ್ನ ಟೀಮಿನಲ್ಲೇ ಇಬ್ಬರು ಸುತ್ತಿ ಬಂದಿದ್ದಾರೆ. ಅವರನ್ನು ನೋಡಿ ನಗುತ್ತಿದ್ದವನು ನಾನು.

ಮೂರು ವರ್ಷದ ಹಿಂದೆ ಅಪ್ಪ ಐಸಿಯುವಿನಲ್ಲಿದ್ದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನೂ ಅದೇ ವ್ಯಾಪಾರಕ್ಕೆ ಇಳಿದೆ. ಇದೊಂದು ಸಲ ಉಳಿಸಿಕೊಡು, ಊರ ಗುಡಿಗೆ ಇಷ್ಟು ಕೊಡ್ತೀನಿ, ಸಿಗರೇಟು ಬಿಡ್ತೀನಿ. ನಾಲ್ಕನೇ ದಿನ ಅಪ್ಪ ತೀರಿಕೊಂಡರು. ಪ್ರಾರ್ಥನೆ ಅನ್ನೋದು ನನ್ನ ಪಾಲಿಗೆ ಅಲ್ಲಿಗೆ ಮುಗಿದಿತ್ತು.

ಮುಗಿದಿಲ್ಲ ಅನ್ನಿಸಿದ್ದು ಬಸವಣ್ಣನವರ ವಚನಗಳನ್ನು ಮತ್ತೆ ಓದಿದಾಗ. ಕೂಡಲಸಂಗಮದಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿಯ ಹಳ್ಳಿ ನಮ್ಮದು. ಆದರೂ ವಚನ ಅಂದರೆ ಶಾಲೆಯಲ್ಲಿ ಕಂಠಪಾಠ ಮಾಡಿ, ಭಾವಾರ್ಥ ಬರೆದು, ಮಾರ್ಕ್ಸ್ ತಗೊಂಡು ಮರೆತದ್ದಷ್ಟೇ. ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ, ಓದಿ, 1923ರಲ್ಲಿ ‘ವಚನಶಾಸ್ತ್ರ ಸಾರ’ ಪ್ರಕಟಿಸಿದ್ದು ನಮ್ಮ ಎರಡು ಮಾರ್ಕ್ಸಿನ ಪ್ರಶ್ನೆಗಾಗಿ ಇರಲಿಕ್ಕಿಲ್ಲ.

ತನ್ನನ್ನು ಹೆಳವನನ್ನಾಗಿ ಮಾಡು ಎಂದು ಕೇಳುವ ವಚನ ನಿಮಗೂ ಗೊತ್ತಿರುತ್ತದೆ. ಮದುವೆ ಮನೆಗಳಲ್ಲಿ, ಆಫೀಸಿನ ರಾಜ್ಯೋತ್ಸವದಲ್ಲಿ ಎಷ್ಟು ಇಂಪಾಗಿ ಹಾಡ್ತಾರೆ ಅಂದರೆ, ಅದರಲ್ಲಿರುವ ಬೇಡಿಕೆ ಎಷ್ಟು ಭಯಂಕರವಾದದ್ದು ಅನ್ನೋದೇ ಕಿವಿಗೆ ಬೀಳೋದಿಲ್ಲ. ಕಾಲು, ಕಣ್ಣು, ಕಿವಿ ಮೂರೂ ಬೇಡ, ಶರಣರ ಪಾದವೊಂದು ಸಾಕು ಎನ್ನುತ್ತಿದ್ದಾರೆ. ಕೇಳುತ್ತಿರುವವರು ಯಾರು? 12ನೇ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವರು. ಹಣ, ಲೆಕ್ಕ, ದರ್ಬಾರಿನ ರಾಜಕೀಯ ಎಲ್ಲವನ್ನೂ ದಿನಾ ಕಂಡವರು. ಅಂಥವರು ದೇವರ ಮುಂದೆ ನಿಂತು, ನನಗೆ ಏನೋ ಕಡಿಮೆಯಾಗಿದೆ ಅನ್ನುತ್ತಿಲ್ಲ. ಇರುವುದೇ ನನ್ನನ್ನು ಎಲ್ಲೆಲ್ಲೋ ಎಳೆದುಕೊಂಡು ಹೋಗ್ತಿದೆ ಅನ್ನುತ್ತಿದ್ದಾರೆ. ಜೇಬಿನ ಫೋನು ನಿಮಿಷಕ್ಕೊಮ್ಮೆ ಗುರ್ ಎನ್ನುವ ನಮಗೆ ಇದು ಅರ್ಥವಾಗದ ಮಾತಲ್ಲ.

ಬೇರೆ ವಚನಗಳಲ್ಲಿ ಅವರು ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ಹಾರುವ ಮಂಗಕ್ಕೆ ಹೋಲಿಸುತ್ತಾರೆ, ಹುರುಳಿಲ್ಲದ ಅತ್ತಿಹಣ್ಣಿಗೆ ಹೋಲಿಸುತ್ತಾರೆ. ಇದನ್ನು ಬರೀ ವಿನಯ ಅಂತ ಓದಿದರೆ ವಚನದ ಕಸುವೇ ಹೋಗುತ್ತದೆ. ನಾನು ಬಿಇ ಓದಿದವನು, ನನಗೆ ತೋಚುವ ಹೋಲಿಕೆ ಇದು: ಪ್ರೊಡಕ್ಷನ್‌ನಲ್ಲಿ ಏನಾದರೂ ಕೆಟ್ಟರೆ ಮೊದಲು ತೆಗೆದು ನೋಡೋದು ಲಾಗ್. ಅದರಲ್ಲೇ ಸುಳ್ಳು ಬರೆದಿದ್ದರೆ ಬಗ್ ಸಿಗೋದಿಲ್ಲ. ಬಸವಣ್ಣನವರ ಪ್ರಾರ್ಥನೆ ಅಂಥ ಸುಳ್ಳಿಲ್ಲದ ಲಾಗ್.

ಇಲ್ಲಿ ಅಂಕಿತದ ಕೆಲಸವನ್ನೂ ಗಮನಿಸಬೇಕು. ಕೊನೆಗೆ ಬರುವ ‘ಕೂಡಲಸಂಗಮದೇವ’ ಅನ್ನೋದು ಕವಿಯ ಸಹಿ ಅಂತ ಶಾಲೆಯಲ್ಲಿ ಕಲಿತಿದ್ದೆ. ಈಗ ಓದಿದರೆ ಅದು ಕೇಳಿಸಿಕೊಳ್ಳುವವನ ಹೆಸರು. ಅಲ್ಲಿಯವರೆಗೆ ಹೇಳಿದ್ದೆಲ್ಲ ಅವನ ಎದುರಿಗೇ ಹೇಳಿದ್ದು. ಆ ಹೆಸರು ತೆಗೆದುಬಿಟ್ಟರೆ ಉಳಿಯೋದು ಡೈರಿ. ಡೈರಿಯಲ್ಲಿ ನಮ್ಮ ತಪ್ಪಿಗೆ ನಾವೇ ಸಬೂಬು ಬರೆದುಕೊಳ್ಳಬಹುದು. ಎದುರಿಗೆ ಒಬ್ಬರು ಕೂತಿದ್ದಾಗ ಅದು ಅಷ್ಟು ಸುಲಭವಲ್ಲ.

ನನ್ನದೊಂದು ತಕರಾರೂ ಇದೆ. ಈ ವಚನಗಳಲ್ಲಿ ತನ್ನನ್ನೇ ಹಳಿದುಕೊಳ್ಳುವುದು ಕೆಲವೊಮ್ಮೆ ಅತಿಯಾಗುತ್ತದೆ. ಅಪ್ಪನನ್ನು ಇನ್ನೆರಡು ದಿನ ಮೊದಲೇ ಬೆಂಗಳೂರಿಗೆ ಕರೆತರಬೇಕಿತ್ತು ಅಂತ ನಿದ್ದೆಗೆಟ್ಟ ರಾತ್ರಿಗಳಲ್ಲಿ ಅತ್ತಿಹಣ್ಣಿನ ವಚನ ಓದಿ ಪುಸ್ತಕ ಮುಚ್ಚಿಟ್ಟಿದ್ದೇನೆ. ಮೊದಲೇ ಕುಸಿದವನಿಗೆ ಅದು ಮತ್ತೊಂದು ಪೆಟ್ಟು. ಆದರೆ ಅದೇ ಹೆಳವನ ವಚನದಲ್ಲಿ ಅವರು ದೇವರನ್ನು ‘ತಂದೆ’ ಅಂತ ಕರೆಯುತ್ತಾರೆ. ಶಾಲೆಯಲ್ಲಿ ನೂರು ಸಲ ಉರು ಹೊಡೆದರೂ ಆ ಪದ ಕಣ್ಣಿಗೆ ಬಿದ್ದಿರಲಿಲ್ಲ. ತಪ್ಪು ಹೇಳಿಕೊಳ್ಳುತ್ತಿರುವುದು ನ್ಯಾಯಾಧೀಶರ ಮುಂದಲ್ಲ, ಅಪ್ಪನ ಮುಂದೆ ಅಂತ ಗೊತ್ತಾದ ಮೇಲೆ ಆ ವಚನಗಳ ದನಿಯೇ ಬೇರೆಯಾಗಿ ಕೇಳಿಸಿತು.

ಅಪ್ಪ ಹೋದ ಮೂರನೇ ದಿನ ಬೆಳಿಗ್ಗೆ ಅವ್ವ ಎಂದಿನಂತೆ ಇಷ್ಟಲಿಂಗವನ್ನು ಎಡಗೈಯಲ್ಲಿ ಹಿಡಿದು ಕೂತಿದ್ದಳು. ನನಗೆ ಸಿಟ್ಟು ಬಂತು. "ಇನ್ನೇನ್ ಬೇಡ್ಕೊಳ್ಳಾಕತ್ತಿ ಅವ್ವಾ?" ಅಂದೆ.

"ಬೇಡೂದೇನೈತೋ ತಮ್ಮಾ. ನಿಮ್ಮಪ್ಪ ಹ್ವಾದ್ರು, ಮನಿ ಖಾಲಿ ಅನಸ್ತೈತಿ ಅಂತ ಹೇಳ್ಕೊಂಡೆ, ಅಷ್ಟ."

ಆವತ್ತು ಆ ಮಾತು ಹಿಡಿಸಿರಲಿಲ್ಲ. ವಚನ ಓದಿದ ಮೇಲೆ ಅದರ ತೂಕ ಗೊತ್ತಾಯಿತು. ಹಾಗಂತ 11 ಸುತ್ತು ಹಾಕುವವರನ್ನು ನೋಡಿ ಈಗ ನಗುವುದಿಲ್ಲ. ಐಸಿಯು ಮೆಟ್ಟಿಲ ಮೇಲೆ ಯಾರಾದರೂ ಬೇಡಿಕೊಳ್ಳುತ್ತಾರೆ, ಅದು ತಪ್ಪಲ್ಲ. ಆದರೆ ಬೇಡಿದ್ದು ಸಿಗದಿದ್ದ ದಿನವೂ ಉಳಿಯುವ ಪ್ರಾರ್ಥನೆ ಅವ್ವನದು.

ಕೇಳಿಸಿಕೊಳ್ಳುವವರು ನಿಜವಾಗಿ ಇದ್ದಾರಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಐದು ನಿಮಿಷ ಕೂತು ಆ ದಿನದ್ದನ್ನು ಹೇಳಿಕೊಳ್ತೀನಿ. ಹೋದ ವಾರ, ಜೂನಿಯರ್ ಹುಡುಗಿ ಮಾಡಿದ ಕೆಲಸಕ್ಕೆ ಮೀಟಿಂಗಿನಲ್ಲಿ ನಾನು ಹೊಗಳಿಸಿಕೊಂಡದ್ದನ್ನು ಹೇಳಿಕೊಂಡೆ. ಮರುದಿನ ಬೆಳಿಗ್ಗೆ ಮ್ಯಾನೇಜರ್‌ಗೆ ಅವಳ ಹೆಸರು ಹಾಕಿ ಮೇಲ್ ಕಳಿಸಿದೆ. ಸಿಗರೇಟು ಮಾತ್ರ ಇನ್ನೂ ಬಿಟ್ಟಿಲ್ಲ. ಅದನ್ನೂ ಹೇಳಿಕೊಳ್ತೀನಿ.