ಮಂದ್ರದಲ್ಲಿ ಕಟ್ಟಿದ ಆಲ್ಬಮ್

ಹಿಪ್‌ಹಾಪ್ ಎಂದರೆ ಬರೀ ಮಾತಿನ ಅಬ್ಬರ ಎಂದು ದೂರವಿಟ್ಟವರಿಗೆ ನಾನು ಮೊದಲು ಕೇಳಿಸುವುದು ‘ದ ಲೋ ಎಂಡ್ ಥಿಯರಿ’. ನ್ಯೂಯಾರ್ಕಿನ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ತಂಡದ ಈ ಎರಡನೇ ಆಲ್ಬಮ್ ಬಂದದ್ದು 1991ರ ಸೆಪ್ಟೆಂಬರಿನಲ್ಲಿ. ಕ್ಯೂ-ಟಿಪ್, ಫೈಫ್ ಡಾಗ್, ಅಲಿ ಶಹೀದ್ ಮಹಮ್ಮದ್ ಮೂವರಿಗೂ ಆಗಿನ್ನೂ ಇಪ್ಪತ್ತು, ಇಪ್ಪತ್ತೊಂದರ ಪ್ರಾಯ. ಆ ವಯಸ್ಸಿಗೆ ಇಷ್ಟು ಸಂಯಮ ಹೇಗೆ ಬಂತು ಎಂಬ ಬೆರಗು ನನಗೆ ಇಂದಿಗೂ ಇದೆ.

ಮೊದಲ ಹಾಡು ‘ಎಕ್ಸ್‌ಕರ್ಷನ್ಸ್’ ಶುರುವಾಗುವುದೇ ಒಂಟಿ ಬೇಸ್‌ನಿಂದ. ಡ್ರಮ್ ಇನ್ನೂ ಬಂದಿಲ್ಲ. ಅಷ್ಟರ ಮೇಲೆಯೇ ಕ್ಯೂ-ಟಿಪ್ ಮಾತು ತೆಗೆಯುತ್ತಾನೆ: ಹದಿಹರೆಯದಲ್ಲಿ ತಾನು ಕೇಳುತ್ತಿದ್ದ ಹಿಪ್‌ಹಾಪ್ ಅಪ್ಪನಿಗೆ ಬೀಬಾಪ್ ಜಾಝನ್ನು ನೆನಪಿಸಿತಂತೆ. ಕೆಲವು ಸಾಲು ಕಳೆದ ಮೇಲೆ ಡ್ರಮ್ ಬಂದು ಕೂಡಿಕೊಳ್ಳುತ್ತದೆ. ಆ ಬೇಸ್, ಜಾಝ್ ಡ್ರಮ್ಮರ್ ಆರ್ಟ್ ಬ್ಲೇಕಿ ಅವರ ‘ಎ ಚಾಂಟ್ ಫಾರ್ ಬೂ’ ಕೃತಿಯಿಂದ ಎತ್ತಿಕೊಂಡ ಸ್ಯಾಂಪಲ್. ಮೂಲದಲ್ಲಿ ಅದರದ್ದು ತಿಶ್ರ ನಡೆ. ಕ್ಯೂ-ಟಿಪ್ ಅದನ್ನು ಬಿಡಿಸಿ ಜೋಡಿಸಿ ಚತುರಶ್ರಕ್ಕೆ ಕೂರಿಸಿದ. ತಾಳ ಬಲ್ಲವರು ಎರಡನ್ನೂ ಒಂದರ ಹಿಂದೊಂದು ಕೇಳಬೇಕು. ಸ್ವರ ಅದೇ, ನಡಿಗೆ ಬೇರೆ. ಸ್ಯಾಂಪಲಿಂಗ್ ಎಂದರೆ ಕದ್ದು ಅಂಟಿಸುವುದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

‘ವರ್ಸಸ್ ಫ್ರಮ್ ದಿ ಆಬ್‌ಸ್ಟ್ರಾಕ್ಟ್’ ಹಾಡಿಗಂತೂ ರಾನ್ ಕಾರ್ಟರ್ ಅವರೇ ಸ್ಟುಡಿಯೋಗೆ ಬಂದು ಡಬಲ್ ಬೇಸ್ ನುಡಿಸಿದರು. ಅರವತ್ತರ ದಶಕದಲ್ಲಿ ಮೈಲ್ಸ್ ಡೇವಿಸ್ ಕ್ವಿಂಟೆಟ್‌ನ ಬೆನ್ನೆಲುಬಾಗಿದ್ದ ಹಿರಿಯರು ಅವರು. ಸ್ಯಾಂಪಲ್ ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತದೆ. ಕಾರ್ಟರ್ ಅವರ ಬೆರಳು ಅಲ್ಲಲ್ಲಿ ಜಾರುತ್ತದೆ, ತಡೆಯುತ್ತದೆ, ಹಾಡಿನ ಜೊತೆ ಉಸಿರಾಡುತ್ತದೆ. ಹಳೆಯ ರೆಕಾರ್ಡುಗಳ ಕರಕರ ಸದ್ದನ್ನು ತೊಳೆದು, ಬೇಸ್ ಮತ್ತು ಡ್ರಮ್ ಎರಡನ್ನೂ ಇಷ್ಟು ಸ್ಪಷ್ಟವಾಗಿ ನಿಲ್ಲಿಸಿದ ಎಂಜಿನಿಯರ್ ಬಾಬ್ ಪವರ್ ಅವರಿಗೂ ಈ ಕೀರ್ತಿಯಲ್ಲಿ ಪಾಲಿದೆ.

ಕೆಳಗೆ ಬೇಸ್, ಮೇಲೆ ದನಿ, ನಡುವೆ ಬೇಕೆಂದೇ ಬಿಟ್ಟ ಖಾಲಿ. ಈ ಖಾಲಿಯೇ ಆಲ್ಬಮ್ಮಿನ ಹೆಚ್ಚುಗಾರಿಕೆ. ಇಬ್ಬರ ದನಿಯ ಗುಣ ಅರಳುವುದು ಅಲ್ಲಿ. ಕ್ಯೂ-ಟಿಪ್‌ನದು ಮೂಗಿನಲ್ಲಿ ತುಸು ತೇಲುವ ಮೆದು ದನಿ. ಫೈಫ್‌ನದು ಎತ್ತರದ, ಚುರುಕಾದ ದನಿ. ಮೊದಲ ಆಲ್ಬಮ್ಮಿನಲ್ಲಿ ಅಲ್ಲೊಂದು ಇಲ್ಲೊಂದು ಹಾಡಿನಲ್ಲಷ್ಟೇ ಕೇಳಿಸಿದ್ದ ಫೈಫ್, ಇಲ್ಲಿ ‘ಬಗಿನ್ ಔಟ್’ ಶುರುವಾಗುತ್ತಿದ್ದಂತೆ ನುಗ್ಗಿ ಬಂದು ಸಮಪಾಲು ಪಡೆಯುತ್ತಾನೆ. ‘ಚೆಕ್ ದ ರೈಮ್’ನಲ್ಲಿ ಇಬ್ಬರದೂ ಸವಾಲು ಜವಾಬು. ಕೊನೆಯ ‘ಸಿನಾರಿಯೊ’ದಲ್ಲಿ ಮಾತ್ರ ಸಂಯಮದ ಕಟ್ಟೆ ಒಡೆಯುತ್ತದೆ: ‘ಲೀಡರ್ಸ್ ಆಫ್ ದ ನ್ಯೂ ಸ್ಕೂಲ್’ ತಂಡದ ಹುಡುಗ ಬಸ್ಟಾ ರೈಮ್ಸ್ ಗರ್ಜಿಸಿ ಹಾಡನ್ನೇ ದೋಚಿಕೊಂಡು ಹೋಗುತ್ತಾನೆ.

ಮಧುಮೇಹದಿಂದ ಬಳಲಿದ ಫೈಫ್ 2016ರಲ್ಲಿ, 45ನೇ ವಯಸ್ಸಿಗೇ ತೀರಿಕೊಂಡ. 2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಮ್ಮನ್ನು ದೇಶ ಕಾಪಾಡಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಜಾಝ್ ಮತ್ತು ಹಿಪ್‌ಹಾಪ್ ಒಂದೇ ಮನೆತನದವು ಎಂಬುದನ್ನು ವಾದಿಸದೆ, ನುಡಿಸಿ ತೋರಿಸಿದ ಆಲ್ಬಮ್ ಇದು.

ಒಂದೇ ವಿನಂತಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಇದನ್ನು ಕೇಳಬೇಡಿ. ಬೇಸ್ ಅದರಲ್ಲಿ ಬರುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, ಹದಿನಾಲ್ಕು ಹಾಡನ್ನೂ ಇರುವ ಕ್ರಮದಲ್ಲೇ ಕೇಳಿ. ಮಾತು ಅರ್ಥವಾಗಲಿಲ್ಲವೆಂದು ಚಿಂತೆ ಬೇಡ. ಮೊದಲ ಸಲಕ್ಕೆ ಬೇಸನ್ನಷ್ಟೇ ಹಿಂಬಾಲಿಸಿದರೆ ಸಾಕು.