ಹುಣಸೆಹಣ್ಣು ದೂರವಿರಲಿ

ಹಳೆಯ ಎಸ್ಟೇಟ್ ಬಂಗಲೆಗಳ ಸಾಮಾನು ಮಾರಾಟಕ್ಕೆ ಬಂದಾಗ ಕಂಚಿನ ರೋಮನ್ ಮೂರ್ತಿಯೊಂದು ಆಗೀಗ ಕಣ್ಣಿಗೆ ಬೀಳುವುದುಂಟು. ಕುಣಿಯುವ ಫಾನ್ ಎಂಬ ವನದೇವತೆ, ಇಲ್ಲವೇ ಕಾಲಿನ ಮುಳ್ಳು ಕೀಳುತ್ತಾ ಕುಳಿತ ಹುಡುಗ. ಕೊಳ್ಳುವವರು ಮೊದಲು ಕೇಳುವುದು, ‘ಒರಿಜಿನಲ್ಲಾ?’ ರೋಮನ್ನರೇ ಗ್ರೀಕರ ಮೂರ್ತಿಗಳನ್ನು ನಕಲು ಮಾಡಿಸಿ ಮನೆ ತುಂಬಿಸಿಕೊಂಡವರು. ನಕಲೇ ಆಗಿರಲಿ, ಎರಕ ಹೇಗಿದೆ ಎಂದು ಕೇಳಬೇಕು.

ಇದಕ್ಕೆ ನಮ್ಮ ಗಡಿಯಾಚೆಯೇ ಸಾಕ್ಷಿ ಇದೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ, 1961ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಕೆ.ಜಿ. ಕುಂದಣಗಾರರು 1940ರ ದಶಕದಲ್ಲಿ ಅಲ್ಲಿನ ಬ್ರಹ್ಮಪುರಿ ದಿಬ್ಬ ಅಗೆಸಿದಾಗ ಕಂಚಿನ ರಾಶಿಯೇ ಸಿಕ್ಕಿತು. ಅದರಲ್ಲಿ ಗೇಣುದ್ದಕ್ಕೂ ಬಾರದ ಪೊಸೈಡನ್, ಗ್ರೀಕರ ಸಮುದ್ರದೇವ. ಗ್ರೀಕ್ ಮಾದರಿಯೊಂದರ ರೋಮನ್ ಕಾಲದ ಪ್ರತಿ ಅದು. ಹಿಡಿದಿದ್ದ ತ್ರಿಶೂಲ ಹೋಗಿದೆ, ನಿಂತ ಠೀವಿ ಹೋಗಿಲ್ಲ. ಜೊತೆಗೆ ಸವಾರರನ್ನು ಹೊತ್ತ ಪುಟ್ಟ ಆನೆಯೂ ಸಿಕ್ಕಿತು, ಅದು ನಮ್ಮವರದೇ ಎರಕ. ಆನೆ ನಾಡಿನವನಾದ ನನ್ನ ಒಲವು, ನಿಜ ಹೇಳಬೇಕೆಂದರೆ, ಅದರ ಕಡೆಗೇ.

ಈಚಿನ ನಕಲುಗಳಲ್ಲಿ ನೇಪಲ್ಸ್‌ನ ಕಿಯುರಾತ್ಸಿ ಎರಕಶಾಲೆಗೆ ಸಾಟಿಯಿಲ್ಲ. 1870ರಲ್ಲಿ ಶುರುವಾದ ಅದು ಅಲ್ಲಿನ ಮ್ಯೂಸಿಯಂನ ಮೂಲ ಮೂರ್ತಿಗಳಿಂದಲೇ ಅಚ್ಚು ತೆಗೆಯಿತು. ಪಾಂಪೆಯ ಹಸಿರು ಬೇಕೋ ಹರ್ಕ್ಯುಲೇನಿಯಂನ ಕಪ್ಪು ಬೇಕೋ, ಗಿರಾಕಿ ಕೇಳಿದ ಬಣ್ಣ ಕೊಡುತ್ತಿತ್ತು. ಹಸಿರು ಕಂಡ ಕೂಡಲೇ ಎರಡು ಸಾವಿರ ವರ್ಷ ಎಣಿಸಬೇಡಿ, ಆಮ್ಲ ಹಚ್ಚಿದರೆ ಅದು ಬೇಗನೆ ಬರುತ್ತದೆ.

ಹಾಗಾದರೆ ನೋಡುವುದೇನನ್ನು? ಕೂದಲೆಳೆ, ಕಣ್ಣಂಚು, ಬೆರಳ ಸಂದು. ಎರಕದ ಮೇಲೆ ಉಳಿ ಹಿಡಿದು ತಿದ್ದಿದ ಕೈ ಇದ್ದರೆ ಇವು ಚೂಪಾಗಿರುತ್ತವೆ, ಅಚ್ಚಿನಿಂದ ಅಚ್ಚು ತೆಗೆದ ಅಗ್ಗದ ಮಾಲಿನಲ್ಲಿ ಸವೆದ ಸೋಪಿನಂತೆ ಮೊಂಡಾಗಿರುತ್ತವೆ. ಬುಡದೊಳಗೆ ಕೆರೆದಾಗ ಬೂದು ಲೋಹ ಇಣುಕಿದರೆ ಅದು ಸತು. ಕೈಗೆ ತಣ್ಣಗೆನಿಸದೆ ಹಗುರವಾಗಿದ್ದರೆ ಕಂಚಿನ ಪುಡಿ ಬೆರೆಸಿದ ರಾಳ, ಅದಕ್ಕೆ ನಾನಂತೂ ಕಾಸು ಬಿಚ್ಚಲಾರೆ.

ಕೊಳ್ಳುವುದಕ್ಕಿಂತ ಕಷ್ಟ ನಮ್ಮ ಮಳೆಗಾಲದಲ್ಲಿ ಉಳಿಸಿಕೊಳ್ಳುವುದು. ಲೋಹದಲ್ಲಿ ಕ್ಲೋರೈಡ್ ಸೇರಿದ್ದರೆ ತೇವಕ್ಕೆ ತಿಳಿಹಸಿರು ಪುಡಿ ಉದುರತೊಡಗಿ, ಕಂಚನ್ನೇ ತಿನ್ನುತ್ತದೆ. ಮೂರ್ತಿಯನ್ನು ಗೋಡೆಯ ಥಂಡಿಯಿಂದ ದೂರವಿಡಿ, ಮೃದು ಬ್ರಷ್‌ನಿಂದ ಧೂಳು ತೆಗೆಯಿರಿ, ಒಣಹವೆಯಲ್ಲಿ ತೆಳ್ಳಗೆ ಮೇಣ ಸವರಿ. ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ತೂಗುದೀಪವನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಸುವ ಅಭ್ಯಾಸ ಇಲ್ಲಿ ಬೇಡ. ಒಮ್ಮೆ ತಿಕ್ಕಿದರೆ ಮೈಬಣ್ಣ ಹೋಯಿತು, ಬೆಲೆಯೂ ಹೋಯಿತು.

ಕೊಲ್ಹಾಪುರದ ಕಡೆ ಹೋದರೆ ಟೌನ್ ಹಾಲ್ ಮ್ಯೂಸಿಯಂಗೆ ಹೋಗಿ ಆ ಪೊಸೈಡನ್‌ನನ್ನು ನೋಡಿ ಬನ್ನಿ. ಆಮೇಲೆ ಕೊಳ್ಳುವ ಮಾತು.