ಕಣಕಿ ಕಸವಲ್ಲ

ಪೆಟ್ರೋಲಿಯಂ ಇಲ್ಲದೆಯೂ ಪ್ಲಾಸ್ಟಿಕ್, ಡೀಸೆಲ್ ತಯಾರಿಸಬಹುದು. ಹೊಲದ ಕಸ ಬೇಕಾದಷ್ಟಿದೆ, ಒಳ್ಳೆಯ ಕ್ರಿಯಾವರ್ಧಕವೊಂದು ಸಿಕ್ಕರೆ ಸಾಕು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಈ ಮಾತಿನ ಎರಡೂ ಭಾಗಗಳನ್ನು ನಾನು ಒಪ್ಪುವುದಿಲ್ಲ.

ಕ್ರಿಯಾವರ್ಧಕ ಸಿಕ್ಕು ನೂರು ವರ್ಷವಾಯಿತು. 1920ರ ದಶಕದಲ್ಲೇ ಜರ್ಮನಿಯ ಫ್ರಾಂಜ್ ಫಿಷರ್, ಹಾನ್ಸ್ ಟ್ರಾಪ್ಷ್ ಇಬ್ಬರೂ ಕಾರ್ಬನ್ ಮೊನಾಕ್ಸೈಡ್ ಮತ್ತು ಜಲಜನಕವನ್ನು ಕಬ್ಬಿಣ, ಕೋಬಾಲ್ಟ್‌ಗಳ ಮೇಲೆ ಹಾಯಿಸಿ ಹೈಡ್ರೋಕಾರ್ಬನ್ ತೆಗೆದರು. ಎಥನಾಲ್ ಆವಿಯನ್ನು ಬಿಸಿ ಅಲ್ಯೂಮಿನಾ ಮೇಲೆ ಹಾಯಿಸಿದರೆ ನೀರು ಕಳಚಿ ಪ್ಲಾಸ್ಟಿಕ್ಕಿನ ಮೂಲವಾದ ಎಥಿಲೀನ್ ಬರುತ್ತದೆ. ಕ್ರಿಯಾವರ್ಧಕ ವೇಗ ಹೆಚ್ಚಿಸುತ್ತದೆ, ದಾರಿ ಆರಿಸುತ್ತದೆ. ಇಲ್ಲದ ಸರಕನ್ನು ಹುಟ್ಟಿಸುವುದಿಲ್ಲ. 100 ಕೆಜಿ ಗ್ಲೂಕೋಸ್ ಪೂರ್ತಿ ಹುದುಗಿದರೂ ಸಿಗುವುದು 51 ಕೆಜಿ ಎಥನಾಲ್, ಅದರಿಂದ 31 ಕೆಜಿ ಎಥಿಲೀನ್. ಉಳಿದದ್ದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೋಗುತ್ತದೆ.

ಇನ್ನು ಕಸದ ಮಾತು. ರೋಣ, ನರಗುಂದದ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಕೊಯ್ದ ಮೇಲೆ ಅದರ ಒಣದಂಟು, ಅಂದರೆ ಕಣಕಿ, ಬಣವಿಯಾಗಿ ಹಿತ್ತಲಿಗೆ ಬರುತ್ತದೆ. ಬೇಸಿಗೆಯಿಡೀ ಎತ್ತು, ಎಮ್ಮೆಗಳಿಗೆ ಅದೇ ಮೇವು. ಮಳೆ ಕೈಕೊಟ್ಟ ವರ್ಷ ಕಾಳಿನಷ್ಟೇ ಕಣಕಿಯ ಚಿಂತೆಯೂ ಕಾಡುತ್ತದೆ. ಇದನ್ನು ‘ಕೃಷಿ ತ್ಯಾಜ್ಯ’ದ ಲೆಕ್ಕಕ್ಕೆ ಸೇರಿಸುವುದು ದನದ ಬಾಯಿಂದ ಕಸಿದಂತೆ.

ಹತ್ತಿ ಕಟ್ಟಿಗೆಯ ಮಾತು ಬೇರೆ. ಗಟ್ಟಿಯಾದ ಆ ಕಟ್ಟಿಗೆ ಮೇವಾಗದು. ಒಂದಿಷ್ಟು ಒಲೆಗೆ ಹೋಗುತ್ತದೆ. ಉಳಿದದ್ದನ್ನು ಗುಲಾಬಿ ಕಾಯಿಕೊರಕ ಹುಳುವಿನ ಭಯಕ್ಕೆ ಕಿತ್ತು ಸುಡುವುದುಂಟು. ಕಾರ್ಖಾನೆ ಕೇಳಬಹುದಾದ ಇಂಗಾಲ ಇದು, ಅದೂ ರೈತನಿಗೆ ದರ ಕೊಟ್ಟು. ಆದರೆ ಕಟ್ಟಿಗೆಯನ್ನು ಅನಿಲವಾಗಿಸಿದಾಗ ಫಿಷರ್, ಟ್ರಾಪ್ಷ್ ದಾರಿಗೆ ಬೇಕಾದಷ್ಟು ಜಲಜನಕ ಅದರಲ್ಲಿ ಇರುವುದಿಲ್ಲ. ಜೊತೆಗೆ ಬರುವ ಟಾರು, ಗಂಧಕ, ಕ್ಷಾರಗಳು ಕ್ರಿಯಾವರ್ಧಕವನ್ನು ಕೆಡಿಸುತ್ತವೆ. ಅನಿಲ ಶುದ್ಧಿಯೇ ನಿಜವಾದ ಕಷ್ಟದ ಕೆಲಸ.

ಕೊರತೆಯ ಜಲಜನಕವನ್ನು ಗಜೇಂದ್ರಗಡದ ಗುಡ್ಡಗಳ ಗಾಳಿಯಂತ್ರಗಳ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆಯಬಹುದು. ಒಂದು ಕೆಜಿ ಜಲಜನಕಕ್ಕೆ ಕನಿಷ್ಠ 9 ಕೆಜಿ ನೀರು ಬೇಕು. ಆ ನೀರು ಎಲ್ಲಿಂದ? ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ 1980ರಲ್ಲಿ ಸಿಡಿದೆದ್ದ ನರಗುಂದದಲ್ಲಿ ಈ ಪ್ರಶ್ನೆಯನ್ನು ಬದಿಗೆ ಸರಿಸಲಾಗದು.

ಪೆಟ್ರೋಲಿಯಂ ಬಿಡಲೇಬೇಕು, ಸಂಶೋಧನೆಯೂ ನಡೆಯಲೇಬೇಕು. ಆದರೆ ಯೋಜನೆಯ ಮೊದಲ ಪುಟದಲ್ಲಿ ಮೇವು, ನೀರು, ಕಟ್ಟಿಗೆಯ ದರ ಇರಲಿ. ಕ್ರಿಯಾವರ್ಧಕದ ಹೆಸರು ಆಮೇಲೆ ಬರಲಿ.